ಬಿಸಿಲು ಪುಕ್ಕಟೆ, ಕರೆಂಟು ಅಲ್ಲ

ವಿದ್ಯುತ್ತಿನ ಮಾತು ಬಂದಾಗಲೆಲ್ಲ ಈಚೆಗೆ ಒಂದು ವಾದ ಕೇಳಿಬರುತ್ತಿದೆ. ಕರೆಂಟು ಉಳಿಸಿ ಎಂಬ ಉಪದೇಶ ಕಲ್ಲಿದ್ದಲಿನ ಕಾಲಕ್ಕೆ ಸರಿ, ಬಿಸಿಲು-ಗಾಳಿಯ ಕಾಲಕ್ಕೆ ಅಲ್ಲ ಎಂಬುದು ಅದರ ತಿರುಳು. ಇದನ್ನು ಹೇಳುವವರು ದಡ್ಡರಲ್ಲ, ಪರಿಸರದ ಶತ್ರುಗಳೂ ಅಲ್ಲ. ಅವರ ಮಾತನ್ನು ಅವರಷ್ಟೇ ಗಟ್ಟಿಯಾಗಿ ಹೇಳುವುದಾದರೆ ಹೀಗೆ: ರಾಯಚೂರಿನಲ್ಲಿ ಒಂದು ಯೂನಿಟ್ ತಯಾರಾಗಬೇಕಾದರೆ ಅರ್ಧ ಕಿಲೋಗೂ ಹೆಚ್ಚು ಕಲ್ಲಿದ್ದಲು ಉರಿಯಬೇಕು. ಕರ್ನಾಟಕದಲ್ಲಿ ಕಲ್ಲಿದ್ದಲು ಸಿಗುವುದಿಲ್ಲ, ನೂರಾರು ಕಿಲೋಮೀಟರ್ ದೂರದಿಂದ ರೈಲಿನಲ್ಲಿ ಬರಬೇಕು. ಉರಿದದ್ದು ಬೂದಿ, ಉಳಿದದ್ದು ಹೊಗೆ. ಆಗ ಆರಿಸಿದ ಪ್ರತಿ ದೀಪಕ್ಕೂ ಅರ್ಥವಿತ್ತು. ಬಿಸಿಲು ಹಾಗಲ್ಲ. ನಾವು ಹಿಡಿದರೂ ಬಿಟ್ಟರೂ ಅದು ಪಾವಗಡದ ಬಯಲಿನ ಮೇಲೆ ಬೀಳುತ್ತಲೇ ಇರುತ್ತದೆ. ಗಾಳಿ ನಾವು ಕೇಳಿದರೂ ಕೇಳದಿದ್ದರೂ ಚಿತ್ರದುರ್ಗದ ಗುಡ್ಡಗಳ ಮೇಲೆ ಬೀಸುತ್ತದೆ. ಜಲವಿದ್ಯುತ್ತನ್ನೂ ಸೇರಿಸಿದರೆ ರಾಜ್ಯದ ಸ್ಥಾಪಿತ ಸಾಮರ್ಥ್ಯದ ಅರ್ಧಕ್ಕಿಂತ ಹೆಚ್ಚು ಪಾಲು ಈಗಲೇ ಕಲ್ಲಿದ್ದಲಿನ ಹೊರಗಿದೆ. ಬೇಡಿಕೆ ಇಲ್ಲದ ಮಧ್ಯಾಹ್ನಗಳಲ್ಲಿ ಸೌರ ಘಟಕಗಳಿಗೆ ಉತ್ಪಾದನೆ ತಗ್ಗಿಸಿ ಎಂದು ಹೇಳುವ ಪರಿಸ್ಥಿತಿಯೂ ಬಂದಿದೆ. ಬಳಸದೆ ಬಿಟ್ಟ ಬಿಸಿಲೇ ನಷ್ಟ ಎನ್ನುವ ಕಾಲದಲ್ಲಿ ಉಳಿತಾಯವೆಂದರೆ ಬಡತನದ ದಿನಗಳಿಂದ ಬಿಡದೆ ಬಂದ ಹಳೆಯ ಚಟ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಹಾಸಿಗೆ ಚಿಕ್ಕದಿದ್ದವರಿಗೆ. ಹಾಸಿಗೆಯೇ ಆಕಾಶದಷ್ಟು ಅಗಲವಾದ ಮೇಲೆ ಕಾಲು ಮಡಚುವುದೇಕೆ?

ಈ ವಾದದಲ್ಲಿ ನಿಜದ ಪಾಲು ದೊಡ್ಡದಿದೆ. ಸೌರ ಫಲಕದ ಇಂಧನಕ್ಕೆ ಬೆಲೆಯಿಲ್ಲ ಎಂಬುದು ನಿಜ. ಒಮ್ಮೆ ಹೂಡಿದ ಮೇಲೆ ಮುಂದಿನ ಯೂನಿಟ್‌ಗೆ ತಗಲುವ ಹೆಚ್ಚುವರಿ ಖರ್ಚು ಹೆಚ್ಚುಕಡಿಮೆ ಸೊನ್ನೆ ಎಂಬುದೂ ನಿಜ. ಒಂದು ಬಿಸಿಲ ಮಧ್ಯಾಹ್ನ, ಫಲಕಗಳು ಸುಮ್ಮನಿರುವ ಹೊತ್ತಿನಲ್ಲಿ ಒಂದು ಯೂನಿಟ್ ಉಳಿಸಿದರೆ ಸಮಾಜಕ್ಕೆ ಆಗುವ ಲಾಭ ತೀರಾ ಅಲ್ಪ ಎಂಬುದನ್ನೂ ಒಪ್ಪಬೇಕು. ಉಳಿತಾಯವಾದಿಗಳು ಬಹಳ ಸಲ ಇದನ್ನು ಒಪ್ಪುವುದಿಲ್ಲ. ಎಲ್ಲ ಯೂನಿಟ್‌ಗಳೂ ಸಮ ಎಂಬಂತೆ ಮಾತಾಡಿ ತಮ್ಮ ಪಕ್ಷವನ್ನು ತಾವೇ ದುರ್ಬಲ ಮಾಡಿಕೊಳ್ಳುತ್ತಾರೆ. ಆದರೆ ಎದುರು ಪಕ್ಷದ ತಪ್ಪೂ ಅದೇ. 'ಮಧ್ಯಾಹ್ನದ ಯೂನಿಟ್ ಅಗ್ಗ' ಎಂಬ ಸತ್ಯದಿಂದ 'ಯೂನಿಟ್ ಅಗ್ಗ' ಎಂಬ ತೀರ್ಮಾನಕ್ಕೆ ಹಾರುವಾಗ ಅವರು ಗಡಿಯಾರವನ್ನೇ ಕೈಬಿಡುತ್ತಾರೆ. ನನ್ನ ವಾದವೆಲ್ಲ ಈ ಕೈಬಿಟ್ಟ ಗಡಿಯಾರದ್ದು.

ಮೊದಲು 'ಸಾಮರ್ಥ್ಯ' ಎಂಬ ಪದ. ಪಾವಗಡದ ಸೋಲಾರ್ ಪಾರ್ಕಿನದು 2,050 ಮೆಗಾವಾಟ್ ಎನ್ನುತ್ತೇವೆ. ರಾಯಚೂರು ಶಾಖೋತ್ಪನ್ನ ಸ್ಥಾವರದ್ದು 1,720 ಮೆಗಾವಾಟ್. ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಪಾವಗಡವೇ ದೊಡ್ಡದು. ಆದರೆ ಮೆಗಾವಾಟ್ ಎನ್ನುವುದು ಕೊಡದ ಗಾತ್ರ, ಅದರಲ್ಲಿ ತುಂಬಿ ಬಂದ ನೀರಲ್ಲ. ರಾತ್ರಿ, ಮೋಡ, ಮುಂಜಾವು, ಇಳಿಹೊತ್ತು ಎಲ್ಲ ಕಳೆದರೆ ಒಂದು ಮೆಗಾವಾಟ್ ಸೌರ ಫಲಕ ನಮ್ಮ ಬಯಲುಸೀಮೆಯಲ್ಲಿ ವರ್ಷಕ್ಕೆ 16-17 ಲಕ್ಷ ಯೂನಿಟ್ ಕೊಡಬಹುದು. ಅಷ್ಟೇ ಸಾಮರ್ಥ್ಯದ ಕಲ್ಲಿದ್ದಲು ಘಟಕವನ್ನು ಬಿಡುವಿಲ್ಲದೆ ಓಡಿಸಿದರೆ ಇದರ ನಾಲ್ಕೈದು ಪಟ್ಟು ಕೊಡಬಲ್ಲದು. ಇದು ಸೌರವಿದ್ಯುತ್ತಿನ ವಿರುದ್ಧದ ಮಾತಲ್ಲ, ಓದುವ ಕ್ರಮದ ಮಾತು. 'ಅರ್ಧಕ್ಕಿಂತ ಹೆಚ್ಚು ಸಾಮರ್ಥ್ಯ ಸ್ವಚ್ಛ' ಎಂಬ ವಾಕ್ಯದಿಂದ 'ನನ್ನ ಮನೆಯ ದೀಪದಲ್ಲಿ ಅರ್ಧಕ್ಕಿಂತ ಹೆಚ್ಚು ಬಿಸಿಲು' ಎಂಬ ವಾಕ್ಯ ಹುಟ್ಟುವುದಿಲ್ಲ. ಅದರಲ್ಲೂ ದೀಪ ಹಚ್ಚುವುದು ಸೂರ್ಯ ಮುಳುಗಿದ ಮೇಲೆ.

ಗೊಂದಲದ ಬೇರು ಇರುವುದೇ ಇಲ್ಲಿ. ಮನೆಯ ಬೇಡಿಕೆಗೆ ಎರಡು ತುದಿಗಳಿವೆ: ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಆರರಿಂದ ಹತ್ತು. ಮೊದಲನೆಯದು ಸ್ನಾನದ ಹೊತ್ತು, ಎರಡನೆಯದು ದೀಪ, ಫ್ಯಾನು, ಟೀವಿ, ಮಿಕ್ಸಿಯ ಹೊತ್ತು. ಸೌರ ಫಲಕ ಭರ್ತಿಯಾಗಿ ದುಡಿಯುವ ಗಂಟೆಗಳಿಗೆ ಈ ಎರಡೂ ಹೊಂದುವುದಿಲ್ಲ. ಸಂಜೆ ಸೂರ್ಯ ಜಾರುತ್ತಿದ್ದಂತೆ ಎರಡು ಗಂಟೆಯೊಳಗೆ ಸಾವಿರಾರು ಮೆಗಾವಾಟ್ ಸೌರವಿದ್ಯುತ್ ಜಾಲದಿಂದ ಮಾಯವಾಗುತ್ತದೆ, ಅದೇ ಹೊತ್ತಿಗೆ ಊರುಗಳ ದೀಪಗಳು ಹತ್ತುತ್ತವೆ. ಈ ಕಂದಕ ತುಂಬಲು ಶರಾವತಿಯ ಟರ್ಬೈನುಗಳು ತಿರುಗುತ್ತವೆ, ಸಾಲದಿದ್ದರೆ ಕಲ್ಲಿದ್ದಲು. ಆದರೆ ಕಲ್ಲಿದ್ದಲು ಘಟಕ ಗ್ಯಾಸ್ ಒಲೆಯಲ್ಲ, ಬೇಕೆಂದಾಗ ಹಚ್ಚಿ ಬೇಡವೆಂದಾಗ ಆರಿಸಲಾಗದು. ಸಂಜೆಗೆ ಅದು ಬೇಕಿದ್ದರೆ ಮಧ್ಯಾಹ್ನವೆಲ್ಲ ಅರ್ಧದಷ್ಟು ಭಾರದಲ್ಲಿ ಅದನ್ನು ಬಿಸಿಯಾಗಿ ಇಟ್ಟಿರಬೇಕು, ಹಾಗೆ ಕುಂಟುತ್ತ ಓಡುವಾಗ ಒಂದು ಯೂನಿಟ್‌ಗೆ ಅದು ಸುಡುವ ಕಲ್ಲಿದ್ದಲೂ ಹೆಚ್ಚು. ಅಂದರೆ ಸಂಜೆ ನಾವು ಕೇಳುವ ಯೂನಿಟ್ಟು ಸಂಜೆಯ ಕಲ್ಲಿದ್ದಲನ್ನಷ್ಟೇ ಸುಡುವುದಿಲ್ಲ, ಮಧ್ಯಾಹ್ನದ ಬಿಸಿಲಿನ ಜಾಗವನ್ನೂ ಒಂದಿಷ್ಟು ಕಬಳಿಸಿರುತ್ತದೆ. ಮಧ್ಯಾಹ್ನ ಸೌರ ಘಟಕಗಳನ್ನು ತಡೆಯಬೇಕಾಗಿ ಬರುವುದನ್ನು 'ನಮ್ಮಲ್ಲಿ ವಿದ್ಯುತ್ ಹೆಚ್ಚಾಗಿದೆ' ಎಂಬುದಕ್ಕೆ ಸಾಕ್ಷಿಯಾಗಿ ಕೊಡುತ್ತಾರೆ. ಅದರ ಒಂದು ಕಾರಣ ಸಂಜೆಯ ಕೊರತೆ ಎಂಬುದು ಅವರಿಗೆ ಹೊಳೆಯುವುದಿಲ್ಲ.

'ಹಾಗಾದರೆ ಮಧ್ಯಾಹ್ನದ್ದನ್ನು ಕೂಡಿಟ್ಟು ಸಂಜೆಗೆ ಕೊಟ್ಟರಾಯಿತು' ಎಂಬುದು ಸಹಜವಾದ ಉತ್ತರ. ಕೂಡಿಡಬಹುದು, ಕೂಡಿಡಲೇಬೇಕು. ಆದರೆ ಲೆಕ್ಕ ಹಾಕಿ. ಮನೆಯಲ್ಲಿ ಸಂಜೆ ನೂರು ಯೂನಿಟ್ ಬಳಸಿದೆವು ಎನ್ನಿ. ತಂತಿ, ಟ್ರಾನ್ಸ್‌ಫಾರ್ಮರುಗಳಲ್ಲಿ ನೂರಕ್ಕೆ ಹತ್ತು-ಹದಿನೈದು ಸೋರಿಹೋಗುತ್ತದೆ. ಆದ್ದರಿಂದ ಸ್ಥಾವರದಿಂದ ಸುಮಾರು 115 ಯೂನಿಟ್ ಹೊರಡಬೇಕು. ಅದು ಪಂಪ್ಡ್ ಸ್ಟೋರೇಜಿನಿಂದ ಬರುವುದಾದರೆ, ಅಂದರೆ ಹಗಲು ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ ಸಂಜೆ ಕೆಳಗೆ ಬಿಡುವ ಏರ್ಪಾಡಿನಿಂದ ಬರುವುದಾದರೆ, ಎತ್ತಲು ಹಾಕಿದ ವಿದ್ಯುತ್ತಿನಲ್ಲಿ ಮರಳುವುದು ನೂರಕ್ಕೆ 75-80 ಮಾತ್ರ. ಹೀಗೆ ಸಂಜೆಯ ನೂರು ಯೂನಿಟ್‌ಗೆ ಹಗಲು ಫಲಕಗಳು ಸುಮಾರು 150 ಯೂನಿಟ್ ತಯಾರಿಸಬೇಕು. ಈ ಲೆಕ್ಕವನ್ನು ತಿರುಗಿಸಿ ಓದಿದರೆ ಉಳಿತಾಯದ ಬೆಲೆ ತಿಳಿಯುತ್ತದೆ. ಸಂಜೆ ಮನೆಯಲ್ಲಿ ಉಳಿಸಿದ ಒಂದು ಯೂನಿಟ್ ಹಗಲು ಬಯಲಿನಲ್ಲಿ ತಯಾರಿಸಿದ ಒಂದೂವರೆ ಯೂನಿಟ್‌ಗೆ ಸಮ. ಇಂಧನ ಪುಕ್ಕಟೆಯಾದ ಕೂಡಲೇ ಉಳಿತಾಯ ಅನಗತ್ಯವಾಗುತ್ತದೆ ಎಂದುಕೊಂಡಿದ್ದೆವು. ನಡೆದದ್ದು ಬೇರೆ. ಹಿಂದೆ ಖರ್ಚೆಲ್ಲ ಇಂಧನದ್ದಾಗಿತ್ತು, ಈಗ ಅದು ಇಂಧನವನ್ನು ಬಿಟ್ಟು ಫಲಕ, ತಂತಿ, ನೆಲ, ಶೇಖರಣೆಗೆ ಹೋಗಿ ಸೇರಿದೆ.

ನೆಲದ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ 'ಪುಕ್ಕಟೆ' ಎಂಬ ಪದ ಅತಿ ಹೆಚ್ಚು ಮುಚ್ಚಿಡುವುದು ಇದನ್ನೇ. ಪಾವಗಡದ 2,050 ಮೆಗಾವಾಟ್‌ಗೆ ಬಳಸಿದ್ದು ಸುಮಾರು 13,000 ಎಕರೆ. ತಿರುಮಣಿ, ಬಳಸಮುದ್ರ, ವಳ್ಳೂರು ಸುತ್ತಿನ ರೈತರಿಂದ ಅದನ್ನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಆರಂಭಿಸಿ ಗುತ್ತಿಗೆಗೆ ಪಡೆದದ್ದು ದೇಶಕ್ಕೇ ಮಾದರಿಯಾಗುವಂಥ ನಡೆ. ಬರದ ಸೀಮೆಯಲ್ಲಿ ಮಳೆಯನ್ನು ನಂಬದ ಒಂದು ಆದಾಯ ಅದು. ಆದರೆ ಗುತ್ತಿಗೆ ಹಣ ಬರುವುದು ಪಹಣಿಯಲ್ಲಿ ಹೆಸರಿದ್ದವನಿಗೆ. ಅದೇ ನೆಲದಲ್ಲಿ ಕಳೆ ಕಿತ್ತು, ಕುರಿ ಮೇಯಿಸಿ ಬದುಕುತ್ತಿದ್ದವನ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಶೇಖರಣೆಯ ನೆಲ ಇದಕ್ಕಿಂತ ಜಟಿಲ. ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಹಾಕಿಕೊಂಡಿರುವುದು ಸಿಂಗಳೀಕಗಳ ಅಭಯಾರಣ್ಯದೊಳಗೆ. ಬಿಸಿಲನ್ನು ಸಂಜೆಗೆ ಸಾಗಿಸಲು ಕಾಡು ಕಡಿಯಬೇಕೇ ಎಂಬ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಆದರೆ ಆ ಪ್ರಶ್ನೆ ಕೇಳುವ ಮೊದಲು ಇನ್ನೊಂದನ್ನು ಕೇಳಬೇಕು: ಸಂಜೆಯ ಬೇಡಿಕೆಯನ್ನೇ ಎಷ್ಟು ತಗ್ಗಿಸಬಹುದು? ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವಾಟ್ ಎಳೆಯುತ್ತದೆ, ಈಗಿನ ಬಿಎಲ್‌ಡಿಸಿ ಫ್ಯಾನ್ 30 ವಾಟ್ ಒಳಗೆ. ಒಂದು ಕೋಟಿ ಫ್ಯಾನುಗಳು ಒಂದೇ ಹೊತ್ತಿಗೆ ತಿರುಗುತ್ತಿವೆ ಎಂದುಕೊಂಡರೆ ವ್ಯತ್ಯಾಸ 450 ಮೆಗಾವಾಟ್. ಇದು ಯೋಜನೆಯೊಂದನ್ನೇ ಬೇಡವಾಗಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಇದಕ್ಕೆ ಯಾವ ಸಿಂಗಳೀಕನ ಅನುಮತಿಯೂ ಬೇಕಿಲ್ಲ.

ಉಳಿತಾಯ ಬೇರೆ, ಸ್ವಚ್ಛ ವಿದ್ಯುತ್ ಬೇರೆ ಎಂಬ ಭೇದವೇ ಪೊಳ್ಳು ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಹಳೆಯ ಪುರಾವೆ ಇದೆ: ಮನೆಯ ತಾರಸಿಯ ಮೇಲಿನ ಸೋಲಾರ್ ವಾಟರ್ ಹೀಟರ್. 2007ರ ಹೊತ್ತಿಗೆ ಬೆಂಗಳೂರಿನಲ್ಲಿ ನಿರ್ದಿಷ್ಟ ಅಳತೆ ಮೀರಿದ ಹೊಸ ಮನೆಗಳಿಗೆ ಇದನ್ನು ಕಡ್ಡಾಯ ಮಾಡಲಾಯಿತು. ಹಾಕಿಸಿಕೊಂಡವರಿಗೆ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ಬಿಲ್ಲಿನಲ್ಲಿ ರಿಯಾಯಿತಿ ಸಿಕ್ಕಿತು. ದೇಶದಲ್ಲಿ ಈ ಉಪಕರಣ ಹೆಚ್ಚು ಹರಡಿದ ರಾಜ್ಯ ನಮ್ಮದೇ. ಇದು ಮಾಡಿದ ಕೆಲಸವನ್ನು ವಿದ್ಯುತ್ತಿನ ಭಾಷೆಗೆ ಅನುವಾದಿಸಿ ನೋಡಿ. ಒಂದು ಗೀಸರ್ 2 ಕಿಲೋವಾಟ್ ಎಳೆಯುತ್ತದೆ. ಹತ್ತು ಲಕ್ಷ ಮನೆಗಳಲ್ಲಿ ಮೂರನೇ ಒಂದು ಭಾಗ ಬೆಳಿಗ್ಗೆ ಏಳಕ್ಕೆ ಒಟ್ಟಿಗೆ ಸ್ವಿಚ್ ಒತ್ತಿದರೆ 650 ಮೆಗಾವಾಟ್‌ಗೂ ಮಿಗಿಲು, ರಾಯಚೂರಿನ 210 ಮೆಗಾವಾಟ್‌ನ ಮೂರು ಘಟಕಗಳನ್ನೂ ಮೀರಿದ ಭಾರ. ಅದೂ ಸೂರ್ಯ ಇನ್ನೂ ಮೇಲೇರದ ಹೊತ್ತಿನಲ್ಲಿ, ಎಂಥ ದೊಡ್ಡ ಸೋಲಾರ್ ಪಾರ್ಕೂ ಉಪಯೋಗಕ್ಕೆ ಬಾರದ ಹೊತ್ತಿನಲ್ಲಿ. ತಾರಸಿಯ ಟ್ಯಾಂಕು ನಿನ್ನೆಯ ಬಿಸಿಲನ್ನು ಬಿಸಿನೀರಾಗಿ ರಾತ್ರಿಯಿಡೀ ಹಿಡಿದಿಟ್ಟು ಬೆಳಿಗ್ಗೆ ಬಚ್ಚಲಿಗೆ ಇಳಿಸುತ್ತದೆ. ಇದು ಉಳಿತಾಯವೋ, ಉತ್ಪಾದನೆಯೋ, ಶೇಖರಣೆಯೋ? ಮೂರೂ ಹೌದು. ಬಿಸಿಲನ್ನು ಮೊದಲು ವಿದ್ಯುತ್ ಮಾಡಿ, ತಂತಿಯಲ್ಲಿ ಹರಿಸಿ, ಬ್ಯಾಟರಿಯಲ್ಲಿಟ್ಟು, ಮತ್ತೆ ತೆಗೆದು ನೀರು ಕಾಯಿಸುವುದಕ್ಕಿಂತ ನೀರನ್ನೇ ನೇರವಾಗಿ ಬಿಸಿಲಿಗಿಡುವುದು ಜಾಣತನ. ನಮ್ಮ ಬಚ್ಚಲ ಹಂಡೆಯ ಕಾಲದವರಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ. ಇದಕ್ಕೂ ದೋಷಗಳಿವೆ: ಕೊಳವೆಯಲ್ಲಿ ನಿಂತ ತಣ್ಣೀರು ಮೊದಲು ಹರಿದು ಹಾಳಾಗುತ್ತದೆ, ಮಳೆಗಾಲದ ಮೋಡದ ವಾರದಲ್ಲಿ ಗೀಸರೇ ಗತಿ, ಹದಿನೈದು ಮಹಡಿಯ ಅಪಾರ್ಟ್‌ಮೆಂಟಿನ ಚಿಕ್ಕ ತಾರಸಿ ಎಲ್ಲ ಮನೆಗಳಿಗೂ ಸಾಲದು. ಆದರೂ ಸ್ಥಳೀಯ ನಿಯಮ ಮತ್ತು ಸಣ್ಣ ರಿಯಾಯಿತಿ ಸೇರಿ ಮಾಡಿದ ಈ ಕೆಲಸಕ್ಕೆ ಒಂದು ಅಣೆಕಟ್ಟಿಗೆ ಸಿಗುವ ಉದ್ಘಾಟನೆಯ ಕಾಲುಭಾಗ ಗೌರವವೂ ಸಿಕ್ಕಿಲ್ಲ. ಉಳಿಸಿದ ಮೆಗಾವಾಟ್‌ಗೆ ಟೇಪು ಕತ್ತರಿಸಲು ಬರುವುದಿಲ್ಲವಲ್ಲ.

ಈ ದೃಷ್ಟಿಯೂ ನಮಗೆ ಹೊರಗಿನಿಂದ ಬಂದದ್ದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದ ಅಮೂಲ್ಯ ರೆಡ್ಡಿ 1990ರ ಸುಮಾರಿಗೆ ಕರ್ನಾಟಕದ ವಿದ್ಯುತ್ ಯೋಜನೆಗೆ ಒಂದು ಪರ್ಯಾಯ ಮಂಡಿಸಿದರು. ಅದಕ್ಕೆ ಮೊದಲು, 1987ರಲ್ಲಿ, ಸರ್ಕಾರದ ಸಮಿತಿಯೊಂದು 2000ನೇ ಇಸವಿಯ ಹೊತ್ತಿಗೆ ರಾಜ್ಯಕ್ಕೆ ಎಷ್ಟು ವಿದ್ಯುತ್ ಬೇಕೆಂದು ಹಳೆಯ ಬೆಳವಣಿಗೆಯ ಗೆರೆಯನ್ನೇ ಮುಂದಕ್ಕೆಳೆದು ಹೇಳಿತ್ತು. ರೆಡ್ಡಿಯವರು ಆ ಗೆರೆಯನ್ನು ಬದಿಗಿಟ್ಟು ಬೇರೆ ಪ್ರಶ್ನೆ ಕೇಳಿದರು: ಜನರಿಗೆ ಬೇಕಾಗಿರುವುದು ಯೂನಿಟ್ಟೋ, ಯೂನಿಟ್ಟಿನಿಂದ ಸಿಗುವ ಬೆಳಕು, ಬಿಸಿನೀರು, ಹೊಲಕ್ಕೆ ನೀರೋ? ಪ್ರತಿ ಮನೆಗೂ ಸಂಪರ್ಕ ಕೊಟ್ಟು, ಬುರುಡೆ ಬಲ್ಬಿನ ಬದಲು ದಕ್ಷ ದೀಪ, ಗೀಸರಿನ ಬದಲು ಸೋಲಾರ್, ಪಂಪ್‌ಸೆಟ್‌ಗಳಿಗೆ ಘರ್ಷಣೆ ಕಡಿಮೆಯಿರುವ ಫುಟ್‌ವಾಲ್ವ್ ಮತ್ತು ಪೈಪು ಹಾಕಿ ಲೆಕ್ಕ ಮಾಡಿದಾಗ ಸಮಿತಿ ಕೇಳಿದ್ದರ ಅರ್ಧಕ್ಕಿಂತ ಕಡಿಮೆ ವಿದ್ಯುತ್ತಿನಲ್ಲಿ ಎಲ್ಲ ಸೇವೆಗಳೂ ಸಿಗುತ್ತವೆ ಎಂದು ತೋರಿಸಿದರು. ಅಲ್ಲಿ ಉಳಿತಾಯ ತ್ಯಾಗದ ಹೆಸರಾಗಿರಲಿಲ್ಲ, ಕತ್ತಲಲ್ಲಿದ್ದ ಮನೆಗೆ ಬೆಳಕು ಕೊಡುವ ಉಪಾಯವಾಗಿತ್ತು.

ಇದರಿಂದ ಮೊದಲ ಗಂಭೀರ ಆಕ್ಷೇಪಕ್ಕೂ ಅರ್ಧ ಉತ್ತರ ಸಿಗುತ್ತದೆ. ಉಳಿತಾಯ ಹೊಟ್ಟೆ ತುಂಬಿದವರು ಹಸಿದವರಿಗೆ ಹೇಳುವ ಉಪವಾಸದ ಮಹಿಮೆ ಎಂಬುದು ಆ ಆಕ್ಷೇಪ. ಭಾರತೀಯನೊಬ್ಬನ ಸರಾಸರಿ ಬಳಕೆ ಜಗತ್ತಿನ ಸರಾಸರಿಗಿಂತ ಬಹಳ ಕೆಳಗಿದೆ, ನಮಗೆ ಬೇಕಾಗಿರುವುದು ಹೆಚ್ಚು, ಕಡಿಮೆಯಲ್ಲ. ಒಪ್ಪುತ್ತೇನೆ. ಆದರೆ 'ಕಡಿಮೆ ಬಳಸು' ಎಂಬುದೂ 'ಕಡಿಮೆಯಲ್ಲಿ ಅದೇ ಕೆಲಸ ಮಾಡಿಸು' ಎಂಬುದೂ ಒಂದೇ ಅಲ್ಲ. ಬಡವರಿಗಾಗಿನ ಭಾಗ್ಯಜ್ಯೋತಿ ಯೋಜನೆಯ ಮನೆಯೊಂದಕ್ಕೆ ತಿಂಗಳಿಗೆ 40 ಯೂನಿಟ್ ಉಚಿತ ಎಂದಿದ್ದ ಕಾಲವನ್ನು ತೆಗೆದುಕೊಳ್ಳಿ. ದಿನಕ್ಕೆ ಒಂದೂಕಾಲು ಯೂನಿಟ್ಟಿಗಿಂತ ತುಸು ಹೆಚ್ಚು. 60 ವಾಟ್ ಬುರುಡೆ ಬಲ್ಬು ಐದು ಗಂಟೆ, 75 ವಾಟ್ ಫ್ಯಾನು ಹತ್ತು ಗಂಟೆ: ಒಂದು ಯೂನಿಟ್ ಮುಗಿಯಿತು. ಅದೇ ಬೆಳಕು 9 ವಾಟ್ ಎಲ್‌ಇಡಿಯಿಂದ, ಅದೇ ಗಾಳಿ 28 ವಾಟ್ ಫ್ಯಾನಿನಿಂದ ಬಂದರೆ ಖರ್ಚು ಒಂದು ಯೂನಿಟ್ಟಿನ ಮೂರನೇ ಒಂದು ಭಾಗ. ಉಳಿದದ್ದರಲ್ಲಿ ಇನ್ನೆರಡು ದೀಪ, ಟೀವಿ, ಮಿಕ್ಸಿ ನಡೆಯುತ್ತವೆ. ಇದರಲ್ಲಿ ಉಪವಾಸವೆಲ್ಲಿ? ಆಕ್ಷೇಪದ ಉಳಿದರ್ಧ ಮಾತ್ರ ನಿಲ್ಲುತ್ತದೆ: ಬಡವನ ಬಳಿ ಮೂರು ಸಾವಿರದ ಫ್ಯಾನು ಕೊಳ್ಳುವ ಹಣವಿಲ್ಲ. ನಿಜ. ಅದಕ್ಕೇ ಈ ಕೆಲಸ ಉಪದೇಶದಿಂದ ಆಗುವುದಿಲ್ಲ, ಸಗಟು ಖರೀದಿಯಿಂದ ಆಗುತ್ತದೆ. ನಮ್ಮಲ್ಲಿ 'ಹೊಸ ಬೆಳಕು' ಎಂದು ಬಂದ ರಾಷ್ಟ್ರೀಯ ಎಲ್‌ಇಡಿ ಯೋಜನೆಯಲ್ಲಿ ಸರ್ಕಾರಿ ಖರೀದಿ ಬೆಲೆ 2014ರಲ್ಲಿ ಬಲ್ಬೊಂದಕ್ಕೆ 310 ರೂಪಾಯಿ ಇದ್ದದ್ದು 2016ರ ಹೊತ್ತಿಗೆ 38ಕ್ಕೆ ಇಳಿಯಿತು. ಫ್ಯಾನಿಗೂ ಅದನ್ನೇ ಮಾಡಬಾರದೆಂದು ಯಾರೂ ಹೇಳಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಹರಿತ. 1865ರಲ್ಲಿ ವಿಲಿಯಂ ಸ್ಟ್ಯಾನ್ಲಿ ಜೆವೊನ್ಸ್ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಒಂದು ವಿಚಿತ್ರವನ್ನು ಗಮನಿಸಿದ. ಉಗಿಯಂತ್ರ ದಕ್ಷವಾದಷ್ಟೂ ಕಲ್ಲಿದ್ದಲಿನ ಬಳಕೆ ಏರಿತು, ಇಳಿಯಲಿಲ್ಲ. ದಕ್ಷತೆ ಬೆಲೆ ಇಳಿಸುತ್ತದೆ, ಬೆಲೆ ಇಳಿದದ್ದನ್ನು ಜನ ಹೆಚ್ಚು ಬಳಸುತ್ತಾರೆ, ಉಳಿದದ್ದು ಮತ್ತೆಲ್ಲೋ ಕರಗುತ್ತದೆ. ಇದನ್ನು ಎಲ್ಲ ಕಡೆಗೂ ಒಂದೇ ಅಳತೆಯಲ್ಲಿ ಹಚ್ಚುವುದು ತಪ್ಪು, ಎಲ್ಲಿಯೂ ಇಲ್ಲ ಎನ್ನುವುದೂ ತಪ್ಪು. ದೀಪದ ವಿಷಯದಲ್ಲಿ ಇದರ ಬಲ ಕಡಿಮೆ. ಎಲ್‌ಇಡಿ ಬಂತೆಂದು ಯಾರೂ ಆರು ಪಟ್ಟು ಬೆಳಕು ಮಾಡಿಕೊಂಡು ಕೂರುವುದಿಲ್ಲ, ಕಣ್ಣಿಗೂ ಒಂದು ಮಿತಿ ಇದೆ. ಏಸಿಯ ವಿಷಯದಲ್ಲಿ ಬಲ ಹೆಚ್ಚು. ಆದರೆ ಜೆವೊನ್ಸ್ ನಿಜವಾಗಿ ಎದುರಾಗುವುದು ನಮ್ಮ ಹೊಲಗಳಲ್ಲಿ. ಉಳಿತಾಯದ ಪರ ವಾದಿಸುವವರು ಜಾರಿಕೊಳ್ಳುವ ಜಾಗವೂ ಇದೇ. ಹಾಗಾಗಿ ಇಲ್ಲಿ ನಿಧಾನವಾಗಿ ನಡೆಯೋಣ.

ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್‌ಗಳಿವೆ. ರಾಜ್ಯದಲ್ಲಿ ಬಳಕೆಯಾಗುವ ವಿದ್ಯುತ್ತಿನ ಮೂರನೇ ಒಂದು ಭಾಗದಷ್ಟು ಇವಕ್ಕೆ ಹೋಗುತ್ತದೆ. 10 ಎಚ್‌ಪಿವರೆಗೆ ಕರೆಂಟು ಉಚಿತ. ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಎಂಬುದು ಲೆಕ್ಕ. ಕರೆಂಟು ಯಾವಾಗ ಬಂದರೂ ಮೋಟಾರು ತಾನೇ ಚಾಲೂ ಆಗಲಿ ಎಂದು ಆಟೋ ಸ್ಟಾರ್ಟರ್ ಇರುತ್ತದೆ. ಇಂಥ ಪಂಪನ್ನು ದಕ್ಷ ಪಂಪಿಗೆ ಬದಲಿಸಿದರೆ ಏನಾಗುತ್ತದೆ? ಉತ್ತರ ಒಂದಲ್ಲ, ಮೂರು.

1. ಬಾವಿಯಲ್ಲಿ ನೀರು ಧಾರಾಳವಾಗಿದ್ದು, ರೈತನನ್ನು ತಡೆಯುವುದು ಏಳು ಗಂಟೆಯ ಮಿತಿ ಮಾತ್ರ ಎನ್ನಿ. ಅಷ್ಟೇ ಎಚ್‌ಪಿಯ ದಕ್ಷ ಪಂಪ್ ಅದೇ ಏಳು ಗಂಟೆಯಲ್ಲಿ ಹೆಚ್ಚು ನೀರೆತ್ತುತ್ತದೆ. ಕರೆಂಟಿನ ಉಳಿತಾಯ ಸೊನ್ನೆ, ಅಂತರ್ಜಲಕ್ಕೆ ಹೆಚ್ಚಿನ ಏಟು. ಜೆವೊನ್ಸ್ ಪೂರ್ತಿ ಗೆದ್ದ.

2. ಕೋಲಾರ, ಚಿಕ್ಕಬಳ್ಳಾಪುರಗಳ ಗಟ್ಟಿ ಕಲ್ಲಿನ ನೆಲದಲ್ಲಿ ಬೋರ್‌ವೆಲ್ ಎರಡು-ಮೂರು ಗಂಟೆಯಲ್ಲೇ ಬತ್ತಿ ನಿಲ್ಲುತ್ತದೆ ಎನ್ನಿ. ಅಲ್ಲಿ ತಡೆ ಕರೆಂಟಿನದಲ್ಲ, ನೀರಿನದು. ದಕ್ಷ ಪಂಪ್ ಅದೇ ನೀರನ್ನು ಕಡಿಮೆ ಕರೆಂಟಿನಲ್ಲಿ ಎತ್ತಿ ಮುಗಿಸುತ್ತದೆ. ಉಳಿತಾಯ ನಿಜ. ಜೆವೊನ್ಸ್ ಇಲ್ಲಿ ಸೋತ.

3. ಅದೇ ನೀರನ್ನು ಎತ್ತುವ ಚಿಕ್ಕ ಎಚ್‌ಪಿಯ ಪಂಪ್ ಕೊಟ್ಟರೆ ಎರಡೂ ಕಡೆ ಕರೆಂಟು ಉಳಿಯುತ್ತದೆ. ಆದರೆ ರೈತ ಒಪ್ಪಬೇಕಲ್ಲ. ನಾಳೆ ನೀರು ಇನ್ನೂ ಐವತ್ತು ಅಡಿ ಕೆಳಗಿಳಿದರೆ ಈ ಮೋಟಾರು ಎತ್ತೀತೇ? ಫೀಡರಿನ ತುದಿಯಲ್ಲಿ ವೋಲ್ಟೇಜ್ ಬಿದ್ದಾಗ ಸುಟ್ಟುಹೋದರೆ ರಿವೈಂಡಿಂಗಿನ ಖರ್ಚು ಯಾರದು? ಕರೆಂಟು ಪುಕ್ಕಟೆಯಿರುವಾಗ ಒರಟು ಮೋಟಾರೇ ಅವನ ಪಾಲಿಗೆ ದಕ್ಷ ಮೋಟಾರು. ಅವನ ಲೆಕ್ಕದಲ್ಲಿ ತಪ್ಪಿಲ್ಲ. ನಾವು ಅವನ ಮುಂದಿಟ್ಟ ಬೆಲೆಗಳಲ್ಲಿ ತಪ್ಪಿದೆ.

ದೊಡ್ಡಬಳ್ಳಾಪುರದಲ್ಲಿ, ಆಮೇಲೆ ಮಂಡ್ಯ ಜಿಲ್ಲೆಯಲ್ಲಿ ಹಳೆಯ ಪಂಪ್ ಕಿತ್ತು ದಕ್ಷ ಪಂಪ್ ಕೂರಿಸುವ ಪ್ರಯೋಗಗಳು ನಡೆದು, ರಾಜ್ಯಕ್ಕೆಲ್ಲ ಹರಡದೆ ಉಳಿದಿವೆ. ತಂತ್ರಜ್ಞಾನ ಸೋತಿತು ಎಂದು ನನಗೆ ಅನಿಸುವುದಿಲ್ಲ. ರೈತನಿಗೆ ಉಳಿಸಿದ್ದರಿಂದ ಏನೂ ಸಿಗದ ಏರ್ಪಾಡಿನಲ್ಲಿ ಉಳಿತಾಯ ಬೇರೂರುವುದು ಕಷ್ಟ. ಪಂಪಿಗೆ ನೇರ ಸೌರ ಫಲಕ ಕೂರಿಸುವುದು ಪರಿಹಾರವೆಂದು ಕಾಣಬಹುದು. ಹಗಲು ಹೊತ್ತಿಗೆ ನೀರಾವರಿಯನ್ನು ತರುವುದು ಗಡಿಯಾರದ ದೃಷ್ಟಿಯಿಂದ ಸರಿಯಾದ ನಡೆಯೇ. ರೈತನಿಗೂ ನಡುರಾತ್ರಿ ಹಾವಿನ ಭಯದಲ್ಲಿ ಹೊಲಕ್ಕೆ ಹೋಗುವುದು ತಪ್ಪುತ್ತದೆ. ಆದರೆ ಜಾಲಕ್ಕೆ ಸೇರದ ಸೌರ ಪಂಪಿಗೆ ಏಳು ಗಂಟೆಯ ಮಿತಿಯೂ ಇಲ್ಲ, ಬಿಸಿಲಿರುವಷ್ಟು ಹೊತ್ತೂ ಅದು ನೀರೆತ್ತಬಲ್ಲದು. ಬತ್ತುತ್ತಿರುವ ತಾಲ್ಲೂಕುಗಳಲ್ಲಿ ಇದು ಸ್ವಚ್ಛ ವಿದ್ಯುತ್ತಿನಿಂದ ಮಾಡುವ ಅಸ್ವಚ್ಛ ಕೆಲಸ. 2014ರಲ್ಲಿ ಕರ್ನಾಟಕ ಪ್ರಕಟಿಸಿದ 'ಸೂರ್ಯ ರೈತ' ಯೋಜನೆ ಈ ಗಂಟನ್ನು ಸರಿಯಾದ ಕಡೆ ಹಿಡಿದಿತ್ತು. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ರೈತರ ಸೌರ ಪಂಪುಗಳನ್ನು ಜಾಲಕ್ಕೆ ಸೇರಿಸಿ, ನೀರೆತ್ತದೆ ಉಳಿದ ವಿದ್ಯುತ್ತನ್ನು ಕೊಳ್ಳುವುದು ಅದರ ಮೂಲ ಯೋಚನೆ. ಆಗ ಹರಿಸದ ನೀರಿಗೆ ಒಂದು ಬೆಲೆ ಬರುತ್ತದೆ. ನಿಗದಿ ಮಾಡಿದ ದರ ಯೂನಿಟ್‌ಗೆ 7 ರೂಪಾಯಿಗೂ ಮೇಲೆ. ಕೆಲವೇ ವರ್ಷಗಳಲ್ಲಿ ದೊಡ್ಡ ಪಾರ್ಕುಗಳ ಸೌರವಿದ್ಯುತ್ 3 ರೂಪಾಯಿ ಆಸುಪಾಸಿಗೆ ಇಳಿದಾಗ ಆ ದರ ನಿಲ್ಲುವಂತಿರಲಿಲ್ಲ. ದರ ತಪ್ಪಿತು, ಯೋಚನೆ ತಪ್ಪಲಿಲ್ಲ. 2016ರಲ್ಲಿ ಗುಜರಾತಿನ ಧುಂಡಿ ಗ್ರಾಮದ ಆರು ರೈತರು ಸೌರ ಸಹಕಾರಿ ಸಂಘ ಕಟ್ಟಿ ಇದನ್ನೇ ಕಡಿಮೆ ದರದಲ್ಲಿ ಮಾಡಿ ತೋರಿಸಿದರು. ಪಂಜಾಬು 2018ರಲ್ಲಿ ಸೌರ ಫಲಕದ ಗೋಜೂ ಇಲ್ಲದೆ, ನಿಗದಿತ ಪ್ರಮಾಣದಲ್ಲಿ ಬಳಸದೆ ಉಳಿಸಿದ ಯೂನಿಟ್‌ಗೆ 4 ರೂಪಾಯಿ ರೈತನ ಖಾತೆಗೆ ಹಾಕುವ ಯೋಜನೆ ತಂದಿತು. ಅದರಲ್ಲಿ ಮೀಟರ್ ಶಿಕ್ಷೆಯಾಗುವುದಿಲ್ಲ, ಹಣ ಎಣಿಸುವ ಯಂತ್ರವಾಗುತ್ತದೆ. ಮೀಟರ್ ಎಂದರೆ ನಾಳೆ ಬಿಲ್ಲು ಎಂದು ನಂಬಿರುವ ರೈತನಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಇದೇ ಅಳತೆಗೋಲನ್ನು ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿಗೆ ಹಿಡಿಯಬೇಕು. 2023ರಲ್ಲಿ ಆರಂಭವಾದ ಈ ಯೋಜನೆ ಪೋಲಿಗೆ ಪರವಾನಗಿ ಎಂಬ ಟೀಕೆ ಅರ್ಧ ತಪ್ಪು. 200 ಯೂನಿಟ್ ಎಲ್ಲರಿಗೂ ಸಿಗುವುದಿಲ್ಲ. 2022-23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ ಮನೆಮನೆಗೆ ಬೇರೆ ಮಿತಿ ಇಟ್ಟರು, 200 ದಾಟಿದರೆ ಪೂರ್ತಿ ಬಿಲ್ಲು. ಅಂದರೆ ದಾಟದಂತೆ ಎಚ್ಚರವಿರಲು ಕಾರಣವಿದೆ. ಆದರೆ ಆ ಸೂತ್ರದಲ್ಲಿ ಎರಡು ಕುಂದು. ಹಿಂದೆ 150 ಯೂನಿಟ್ ಬಳಸಿದವರಿಗೆ 165, ಹಿಂದೆಯೇ ಜಾಣತನದಿಂದ 70ಕ್ಕೆ ಇಳಿಸಿಕೊಂಡವರಿಗೆ 77. ಉಳಿಸಿದ ತಪ್ಪಿಗೆ ದಂಡ. ಇನ್ನೊಂದು: ಮಿತಿಯೊಳಗೆ ಎಷ್ಟು ಉಳಿಸಿದರೂ ಮನೆಗೆ ಒಂದು ಪೈಸೆಯೂ ಇಲ್ಲ. ಯೋಜನೆ ರದ್ದು ಮಾಡಬೇಕಿಲ್ಲ. ಮಿತಿಗಿಂತ ಕಡಿಮೆ ಬಳಸಿದ ಯೂನಿಟ್‌ಗೆ, ಅದರಲ್ಲೂ ಸಂಜೆಯ ಯೂನಿಟ್‌ಗೆ, ಒಂದೆರಡು ರೂಪಾಯಿ ಮನೆಯೊಡತಿಯ ಖಾತೆಗೆ ಹಾಕಿದರೆ ಸರ್ಕಾರ ಕೊಡುವುದು ತಾನು ಉಳಿಸಿದ್ದರ ಒಂದು ಪಾಲನ್ನು ಮಾತ್ರ.

'ವಿದ್ಯುತ್ ಹಂಚುವ ಕಂಪನಿಗಳಾದ ಎಸ್ಕಾಂಗಳೇ ಇದನ್ನೆಲ್ಲ ಏಕೆ ಮಾಡುತ್ತಿಲ್ಲ?' ಎಂಬ ಪ್ರಶ್ನೆ ಸಹಜ. ಅವುಗಳ ಆಲಸ್ಯವನ್ನು ದೂರುವುದು ಸುಲಭ, ಆದರೆ ಹಣದ ದಾರಿ ನೋಡಿದರೆ ವಿಷಯ ಬೇರೆ. ವೆಚ್ಚಕ್ಕಿಂತ ಹೆಚ್ಚು ದರ ಕೊಡುವ ಕಾರ್ಖಾನೆ, ಮಳಿಗೆಗಳು ಉಳಿಸಿದರೆ ಎಸ್ಕಾಂಗೆ ಆದಾಯ ಖೋತಾ. ಪಂಪ್‌ಸೆಟ್ ಉಳಿಸಿದರೆ ಲಾಭ ಸಹಾಯಧನ ಕೊಡುವ ಖಜಾನೆಗೆ, ಪಂಪ್ ಬದಲಿಸುವ ಶ್ರಮ ಎಸ್ಕಾಂಗೆ. ಬಾಡಿಗೆ ಮನೆಯಲ್ಲೂ ಇದೇ ಕಥೆ: ಅಗ್ಗದ ಗೀಸರ್ ಕೊಂಡು ಕೂರಿಸುವವನು ಮಾಲೀಕ, ಬಿಲ್ಲು ಕಟ್ಟುವವನು ಬಾಡಿಗೆದಾರ. ಖರ್ಚು ಒಬ್ಬನದು ಲಾಭ ಇನ್ನೊಬ್ಬನದು ಆದ ಕಡೆ ಒಳ್ಳೆಯ ಕೆಲಸ ಭಾಷಣದಿಂದ ನಡೆಯುವುದಿಲ್ಲ. ಮಾಲೀಕನನ್ನು ಸರಿದಾರಿಗೆ ತರಲು ನಿಯಮ ಬೇಕು, ವಾಟರ್ ಹೀಟರ್ ಅದನ್ನು ತೋರಿಸಿದೆ. ಎಸ್ಕಾಂಗೆ, ಉಳಿಸಿದ ಯೂನಿಟ್ಟನ್ನು ಕೊಂಡ ಯೂನಿಟ್ಟಿನಂತೆಯೇ ಲೆಕ್ಕ ಹಿಡಿದು ವೆಚ್ಚ ಮರಳಿಸುವ ಆದೇಶವನ್ನು ವಿದ್ಯುತ್ ನಿಯಂತ್ರಣ ಆಯೋಗ ಕೊಡಬೇಕು.

ಕೊನೆಯದಾಗಿ, ಬ್ಯಾಟರಿಗಳು ಅಗ್ಗವಾಗುತ್ತಿವೆ, ನಾಲ್ಕೈದು ವರ್ಷ ತಡೆದರೆ ಈ ಗಡಿಯಾರದ ವಾದವೇ ಕರಗುತ್ತದೆ ಎನ್ನುವವರಿದ್ದಾರೆ. ಬೆಲೆ ಇಳಿಯುತ್ತಿರುವುದು ನಿಜ, ಇನ್ನೂ ಇಳಿಯಲಿ. ಆದರೆ ಬ್ಯಾಟರಿ ಮಧ್ಯಾಹ್ನವನ್ನು ಸಂಜೆಗೆ ಸಾಗಿಸುತ್ತದೆ, ಒಳ್ಳೆಯ ಮಳೆಯ ವರ್ಷವನ್ನು ಬರದ ವರ್ಷಕ್ಕೆ ಸಾಗಿಸುವುದಿಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟಾಗ ಜಲಾಶಯಗಳು ತುಂಬಲಿಲ್ಲ, ಜಲವಿದ್ಯುತ್ ಕುಗ್ಗಿತು. ಅದೇ ಬರದಿಂದಾಗಿ ಪಂಪ್‌ಸೆಟ್‌ಗಳ ಬೇಡಿಕೆ ಏರಿತು. ಒಂದೇ ಕಾರಣ ಎರಡೂ ಕಡೆಯಿಂದ ಹಿಂಡಿತು. ಆ ವರ್ಷದ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ಖಾಸಗಿ ಉತ್ಪಾದಕರು ವಿದ್ಯುತ್ತನ್ನು ಹೊರಗೆ ಮಾರದೆ ರಾಜ್ಯಕ್ಕೇ ಕೊಡಬೇಕೆಂದು ಆದೇಶಿಸಬೇಕಾಯಿತು. ಅಂಥ ವರ್ಷದಲ್ಲಿ ಅತಿ ದೊಡ್ಡ ಬೇಡಿಕೆ ಎಲ್ಲಿಂದ ಬರುತ್ತದೆಂಬುದು ಗೊತ್ತಿದೆ, ಆದರೆ ಅದು ಎಷ್ಟೆಂಬುದು ಖಚಿತವಾಗಿ ಗೊತ್ತಿಲ್ಲ. ರಾಜ್ಯದ ಪಂಪ್‌ಸೆಟ್‌ಗಳಲ್ಲಿ ಬಹುಪಾಲಿಗೆ ಇಂದಿಗೂ ಮೀಟರ್ ಇಲ್ಲ. ಅವುಗಳ ಹೆಸರಿನಲ್ಲಿ ವರ್ಷಕ್ಕೆ ಹತ್ತು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಸಹಾಯಧನ ಹೋಗುತ್ತಿರುವುದು ಅಂದಾಜಿನ ಲೆಕ್ಕದ ಮೇಲೆ.